ರಾತ್ರಿ ಮಾತ್ರ ಕೈಕೊಡುವ ಕ್ಯಾಮೆರಾ

ಶಿರಸಿ ಕಡೆಯ ನಮ್ಮ ಮನೆಯಲ್ಲಿ ಬಿಸಿಲಲ್ಲಿ ಒಣಗಿಸುವ ಚಾಲಿ ಅಡಿಕೆ ತಿಂಗಳಿಗೂ ಹೆಚ್ಚು ಕಾಲ ಅಂಗಳದಲ್ಲಿ ಬಿದ್ದಿರುತ್ತದೆ. ಕಾಯುವ ಜನ ಕಡಿಮೆಯಾದಂತೆ ಕ್ಯಾಮೆರಾಗಳು ಬಂದವು. ವೈಫೈ ಬೇಡವೆಂದು ಎಲ್ಲಕ್ಕೂ ಕೇಬಲ್ಲನ್ನೇ ಎಳೆಸಿದೆವು: ಅಟ್ಟದಲ್ಲಿ ನೆಟ್‌ವರ್ಕ್ ಸ್ವಿಚ್ಚು (ಎಲ್ಲ ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆ) ಮತ್ತು ರೆಕಾರ್ಡರ್, ಅಲ್ಲಿಂದ ಅಂಗಳಕ್ಕೆ, ಗೇಟಿಗೆ, ಕೊಟ್ಟಿಗೆಗೆ ತಂತಿ. ಆದರೂ ಗೇಟಿನ ಕ್ಯಾಮೆರಾ ಕತ್ತಲಾದೊಡನೆ ಹೋಗುತ್ತಿತ್ತು, ಒಂದೆರಡು ನಿಮಿಷದಲ್ಲಿ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಹಗಲಲ್ಲಿ ಚಿತ್ರ ಸ್ಫಟಿಕದಷ್ಟು ಸ್ಪಷ್ಟ. ಹಾಕಿಕೊಟ್ಟವರು ಬರುತ್ತಿದ್ದದ್ದೂ ಹಗಲಲ್ಲೇ. 'ಸರಿಯಾಗಿಯೇ ಇದೆಯಲ್ಲ' ಎಂದು ಚಹಾ ಕುಡಿದು ಹೋಗುತ್ತಿದ್ದರು.

ಇಂಥ ದೋಷಕ್ಕೆ ಜನ ಮೊದಲು ಮಾಡುವ ಕೆಲಸ ರೂಟರ್ ಬದಲಿಸುವುದು, ಸಾಫ್ಟ್‌ವೇರ್ ಹೊಸದು ಹಾಕುವುದು. ನಾನು ಅತ್ತ ಹೋಗಲಿಲ್ಲ. ಮನೆಯ ಹಳೆಯ ಲ್ಯಾಪ್‌ಟಾಪ್ ಒಂದನ್ನು ಅದೇ ಸ್ವಿಚ್ಚಿಗೆ ಸಿಕ್ಕಿಸಿ, ಪ್ರತಿ ಕ್ಯಾಮೆರಾಕ್ಕೂ ನಿರಂತರವಾಗಿ ಪಿಂಗ್ ('ಇದ್ದೀಯಾ' ಎಂದು ಕೇಳುವ ಪುಟ್ಟ ಸಂದೇಶ) ಕಳಿಸುತ್ತ, ಉತ್ತರ ತಪ್ಪಿದ ಸಮಯವನ್ನು ಕಡತಕ್ಕೆ ಬರೆಯುವಂತೆ ಮಾಡಿ ರಾತ್ರಿಯಿಡೀ ಬಿಟ್ಟೆ. ಜೊತೆಗೆ ಸ್ವಿಚ್ಚಿನ ಮುಂದೆ ಕುಳಿತು ದೀಪಗಳನ್ನು ನೋಡಿದೆ. ಕ್ಯಾಮೆರಾ ಕಾಣದಾದಾಗ ಅದರ ತಂತಿ ಸಿಕ್ಕಿಸಿದ ಪೋರ್ಟಿನ ದೀಪವೂ ಆರಿದರೆ ದೋಷ ವಿದ್ಯುತ್ತಿನದು ಅಥವಾ ತಂತಿಯದು. ದೀಪ ಉರಿಯುತ್ತಲೇ ಇದ್ದು ಉತ್ತರ ಮಾತ್ರ ಬರದಿದ್ದರೆ ಹೆಚ್ಚಾಗಿ ನೆಟ್‌ವರ್ಕ್ ವಿಳಾಸದ್ದು, ಇಲ್ಲವೇ ಒಳಗಿನ ಹೊಂದಾಣಿಕೆಯದು. ಇದೊಂದು ಕವಲನ್ನು ಮೊದಲೇ ತೀರ್ಮಾನಿಸಿಕೊಂಡರೆ ಅರ್ಧ ಹುಡುಕಾಟ ಉಳಿಯುತ್ತದೆ.

ಗೇಟಿನ ಕ್ಯಾಮೆರಾದ ಪೋರ್ಟಿನ ದೀಪ ಆರುತ್ತಿತ್ತು. ಅಂದರೆ ಅದು ಮುಚ್ಚಿ ಮತ್ತೆ ಹೊಸದಾಗಿ ಶುರುವಾಗುತ್ತಿತ್ತು.

ಕಾರಣ ಲೆಕ್ಕದಲ್ಲಿತ್ತು. ಕತ್ತಲಾದಾಗ ಕ್ಯಾಮೆರಾದ ಇನ್ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ. ಆಗ ಅದು ಎಳೆಯುವ ವಿದ್ಯುತ್ತು ಹಗಲಿನದಕ್ಕಿಂತ ಸುಮಾರು ಇಮ್ಮಡಿ. ಹಗಲಲ್ಲಿ 0.3 ಆಂಪಿಯರ್ ಇದ್ದದ್ದು ರಾತ್ರಿ 0.6 ಆಗುತ್ತದೆ ಎಂದುಕೊಳ್ಳಿ. ನಮ್ಮಲ್ಲಿ ಹಾಕಿದ್ದದ್ದು ನಿಜವಾದ ಪಿಒಇ (ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ತನ್ನೂ ಕಳಿಸುವ ವ್ಯವಸ್ಥೆ) ಅಲ್ಲ. ಕೇಬಲಿನ ಬಳಸದ ಎರಡು ಜೋಡಿಗಳ ಮೂಲಕ 12 ವೋಲ್ಟನ್ನು ಹಾಗೆಯೇ ತಳ್ಳುವ ಅಗ್ಗದ ಸ್ಪ್ಲಿಟರ್. ಗೇಟಿಗೆ ಸುಮಾರು 60 ಮೀಟರ್. ಒಳ್ಳೆಯ ತಾಮ್ರದ 24 ಗೇಜ್ ಎಳೆಗೆ 100 ಮೀಟರಿಗೆ ಸುಮಾರು 8.4 ಓಮ್ ರೋಧ. ಎರಡೆರಡು ಎಳೆ ಜೊತೆಯಾಗಿ ಹೋಗಿ ಬರುವ ದಾರಿಗೆ ಒಟ್ಟು 5 ಓಮ್. ರಾತ್ರಿಯ 0.6 ಆಂಪಿಯರಿಗೆ ದಾರಿಯಲ್ಲೇ 3 ವೋಲ್ಟ್ ನಷ್ಟ, ಕ್ಯಾಮೆರಾಕ್ಕೆ ತಲುಪುವುದು 9. ಅನೇಕ ಕ್ಯಾಮೆರಾಗಳಿಗೆ ಅದೇ ಕೊನೆಯ ಮೆಟ್ಟಿಲು.

ನಮ್ಮ ಕೇಬಲ್ಲು ಒಳ್ಳೆಯ ತಾಮ್ರದ್ದೂ ಆಗಿರಲಿಲ್ಲ. ಒಂದು ತುದಿಯ ಎಳೆಯನ್ನು ಬ್ಲೇಡಿನಿಂದ ಕೆರೆದೆ: ಕೆಂಪು ಹೋಗಿ ಒಳಗೆ ಬೆಳ್ಳಗೆ ಕಂಡಿತು. ಅಲ್ಯೂಮಿನಿಯಮ್ ತಂತಿಗೆ ತಾಮ್ರದ ಲೇಪ. ಅಂಗಡಿಯಲ್ಲಿ ಇದನ್ನು ಸಿಸಿಎ ಎನ್ನುತ್ತಾರೆ. ಪೆಟ್ಟಿಗೆಯ ಮೇಲೆ ಕ್ಯಾಟ್ 6 ಎಂದು ದಪ್ಪ ಅಕ್ಷರದಲ್ಲಿ ಇದ್ದರೂ ಆ ದರ್ಜೆಯ ಮಾನದಂಡ ಕೇಳುವುದು ಪೂರ್ತಿ ತಾಮ್ರವನ್ನೇ. ಇದರ ರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಮಿಕ್ಕಿ. ಅಂದರೆ ಗೇಟಿನಲ್ಲಿ 12ರ ಬದಲು ಏಳು ಚಿಲ್ಲರೆ ವೋಲ್ಟ್. ದೀಪ ಹೊತ್ತಿದೊಡನೆ ವೋಲ್ಟೇಜು ಕುಸಿದು ಕ್ಯಾಮೆರಾ ಸಾಯುತ್ತದೆ. ಸತ್ತೊಡನೆ ಹೊರೆ ಇಳಿದು ವೋಲ್ಟೇಜು ಏರುತ್ತದೆ. ಕ್ಯಾಮೆರಾ ಏಳುತ್ತದೆ, ಕತ್ತಲೆ ಕಂಡು ದೀಪ ಹೊತ್ತಿಸುತ್ತದೆ. ಬೆಳಗಿನವರೆಗೂ ಇದೇ ಆಟ.

ಅನುಮಾನ ಖಚಿತಪಡಿಸಿಕೊಳ್ಳಲು ಹಣ ಬೇಕಿಲ್ಲ. ಹಗಲಿನಲ್ಲೇ ಕ್ಯಾಮೆರಾದ ಕಣ್ಣಿಗೆ ದಪ್ಪ ಬಟ್ಟೆ ಸುತ್ತಿದೆ. ರಾತ್ರಿಯೆಂದು ತಿಳಿದು ಅದು ದೀಪ ಹೊತ್ತಿಸಿತು, ಮಲ್ಟಿಮೀಟರಿನ ಅಂಕಿ ಕುಸಿಯಿತು, ಚಿತ್ರ ಹೋಯಿತು. ಅದೇ ಕ್ಯಾಮೆರಾವನ್ನು ಅಟ್ಟಕ್ಕೆ ತಂದು ಒಂದು ಮೀಟರ್ ತಂತಿಯಲ್ಲಿ ಸಿಕ್ಕಿಸಿ ಬಟ್ಟೆ ಸುತ್ತಿದರೆ ಏನೂ ಆಗಲಿಲ್ಲ.

ಪರಿಹಾರವಾಗಿ 802.3ಎಎಫ್ ಮಾನದಂಡದ ಪಿಒಇ ಸ್ವಿಚ್ಚು ತಂದೆ. ಅದು 48 ವೋಲ್ಟಿನ ಆಸುಪಾಸಿನಲ್ಲಿ ಕಳಿಸುತ್ತದೆ. ಅಷ್ಟೇ ವಾಟಿಗೆ ಆಂಪಿಯರ್ ನಾಲ್ಕನೇ ಒಂದು ಭಾಗ, ಆದ್ದರಿಂದ ದಾರಿಯ ನಷ್ಟ ಲೆಕ್ಕಕ್ಕೇ ಬಾರದು. ಕೊಳ್ಳುವಾಗ ಪೋರ್ಟುಗಳ ಸಂಖ್ಯೆ ಮಾತ್ರ ನೋಡಬೇಡಿ. ಪ್ರತಿ ಪೋರ್ಟಿಗೆ ಗರಿಷ್ಠ 15.4 ವಾಟ್ ಎಂದಿದ್ದರೂ ಇಡೀ ಸ್ವಿಚ್ಚಿನ ಒಟ್ಟು ಸಾಮರ್ಥ್ಯ 60 ವಾಟ್ ಆಗಿರಬಹುದು. ಎಂಟು ಕ್ಯಾಮೆರಾಗಳು ಒಟ್ಟಿಗೇ ದೀಪ ಹೊತ್ತಿಸಿದಾಗ ಪ್ರತಿಯೊಂದರ ಪಾಲಿಗೆ ಏಳೂವರೆ ವಾಟ್. ಗೇಟಿನ ಕೇಬಲ್ಲನ್ನೂ ಪೂರ್ತಿ ತಾಮ್ರದ್ದಕ್ಕೆ ಬದಲಿಸಿದೆ. ಸಿಸಿಎ ಎಳೆ ಬಾಗಿಸಿದಲ್ಲಿ ಬೇಗ ತುಂಡಾಗುತ್ತದೆ.

ಕೇಬಲ್ಲುಗಳ ತುದಿಯ ಪ್ಲಗ್ಗುಗಳನ್ನು ಬಿಚ್ಚಿದಾಗ ಇನ್ನೊಂದು ಕಿತಾಪತಿ ಕಂಡಿತು. ಎರಡೂ ತುದಿಯಲ್ಲಿ ಬಣ್ಣ ಒಂದೇ ಕ್ರಮದಲ್ಲಿದ್ದರೆ ಸಾಕೆಂದು ಕಿತ್ತಳೆ, ಹಸಿರು, ನೀಲಿ, ಕಂದು ಜೋಡಿಗಳನ್ನು ಸಾಲಾಗಿ ಕೂರಿಸಿದ್ದರು. ಅಗ್ಗದ ಟೆಸ್ಟರು ಇದನ್ನು ಪಾಸು ಮಾಡುತ್ತದೆ. ಆದರೆ 3 ಮತ್ತು 6ನೇ ಪಿನ್ನುಗಳು ಒಂದೇ ಹೆಣೆದ ಜೋಡಿಯ ಎಳೆಗಳಾಗಿರಬೇಕು. ಇಲ್ಲದಿದ್ದರೆ ಹೆಣಿಗೆಯ ಪ್ರಯೋಜನವೇ ಇಲ್ಲ, ಪಕ್ಕದ ಜೋಡಿಯ ಸಂಕೇತ ನುಗ್ಗುತ್ತದೆ. ಗಿಡ್ಡ ತಂತಿಯಲ್ಲಿ ಗೊತ್ತಾಗದು, ಉದ್ದವಾದಂತೆ ಪ್ಯಾಕೆಟ್ಟುಗಳು, ಅಂದರೆ ದತ್ತಾಂಶದ ತುಣುಕುಗಳು, ಉದುರುತ್ತವೆ. ಸರಿಯಾದ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಲ್ಲ ತುದಿಗಳನ್ನೂ ಹೊಸದಾಗಿ ಕ್ರಿಂಪ್ ಮಾಡಿದೆ, ಅಂದರೆ ಪ್ಲಗ್ಗಿನಲ್ಲಿ ಒತ್ತಿ ಕೂರಿಸಿದೆ.

ಅಂಗಳದ ಕ್ಯಾಮೆರಾದ್ದು ಬೇರೆಯೇ ಕಥೆ. ಹಬ್ಬಕ್ಕೆ ನೆಂಟರು ಬಂದಾಗ ಅದು ಮಾಯವಾಗುತ್ತಿತ್ತು, ಪೋರ್ಟಿನ ದೀಪ ಮಾತ್ರ ಉರಿಯುತ್ತಲೇ ಇರುತ್ತಿತ್ತು. ಹೀಗಾದಾಗೊಮ್ಮೆ ಅದರ ತಂತಿ ಕಿತ್ತು ಅದರ ವಿಳಾಸಕ್ಕೆ ಪಿಂಗ್ ಮಾಡಿದೆ. ಉತ್ತರ ಬಂತು! ಕ್ಯಾಮೆರಾದಲ್ಲಿ 192.168.1.64 ಎಂದು ಸ್ಥಿರವಾಗಿ ಬರೆದಿತ್ತು. ರೂಟರು ಅದೇ ಸಂಖ್ಯೆಯನ್ನು ನೆಂಟರ ಮೊಬೈಲಿಗೆ ಹಂಚಿತ್ತು. ರೂಟರಿನ ಹಂಚಿಕೆಯನ್ನು ವಿಳಾಸದ ಕೊನೆಯ ಸಂಖ್ಯೆ 100ರಿಂದ ಮೇಲಕ್ಕೆ ಇರುವಂತೆ ಸೀಮಿತಗೊಳಿಸಿ, ಕ್ಯಾಮೆರಾಗಳಿಗೆ ಅದರ ಕೆಳಗಿನ ಸಂಖ್ಯೆಗಳನ್ನು ಕೊಟ್ಟು, ಪಟ್ಟಿಯನ್ನು ಸ್ವಿಚ್ಚಿನ ಪೆಟ್ಟಿಗೆಯೊಳಗೆ ಅಂಟಿಸಿದೆ.

ಕೊಟ್ಟಿಗೆ ಮನೆಯಿಂದ ಪ್ರತ್ಯೇಕ ಕಟ್ಟಡ, ಅದಕ್ಕೆ ಅದರದ್ದೇ ಅರ್ಥಿಂಗ್. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಡಿದರೆ ಎರಡು ಅರ್ಥಿಂಗುಗಳ ನಡುವೆ ಏಳುವ ವೋಲ್ಟೇಜಿಗೆ ತಾಮ್ರದ ನೆಟ್‌ವರ್ಕ್ ಕೇಬಲ್ಲೇ ಸೇತುವೆ. ಕೊಟ್ಟಿಗೆಗೆ ಹೋಗುವ ಪೋರ್ಟು ಒಂದು ಮಳೆಯಲ್ಲಿ ಸುಟ್ಟಿತ್ತು. ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜಿನ ಹಠಾತ್ ಏರಿಕೆ ತಡೆಯುವ ಸಾಧನ) ಹಾಕಬಹುದು, ಆದರೆ ಎರಡು ಕಟ್ಟಡಗಳ ನಡುವೆ ನನಗೆ ಅದರ ಮೇಲೆ ಭರವಸೆಯಿಲ್ಲ. ಮನೆಗಳಿಗೆ ಇಂಟರ್ನೆಟ್ ತರುವ ತೆಳುವಾದ ಆಪ್ಟಿಕಲ್ ಫೈಬರ್ ಎಳೆಸಿ, ಎರಡೂ ಕಡೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕಿನ ಸಂಕೇತವನ್ನೂ ತಾಮ್ರದ ವಿದ್ಯುತ್ ಸಂಕೇತವನ್ನೂ ಪರಸ್ಪರ ಬದಲಿಸುವ ಪೆಟ್ಟಿಗೆ) ಇಟ್ಟೆ. ಗಾಜಿನಲ್ಲಿ ಸಿಡಿಲಿನ ಕರೆಂಟು ಹರಿಯದು. ಫೈಬರ್ ಜೋಡಿಸುವ ಕೆಲಸಕ್ಕೆ ಊರಿನ ಕೇಬಲ್ ಹುಡುಗ ಬಂದಿದ್ದ. ಅವನು ತಂದ ತಂತಿಯಲ್ಲಿ ಆಧಾರಕ್ಕೆಂದು ಉಕ್ಕಿನ ಎಳೆಯಿತ್ತು. ಅದಿದ್ದರೆ ಗಾಜು ಹಾಕಿಯೂ ಲೋಹದ ಸೇತುವೆ ಉಳಿದಂತೆಯೇ ಎಂದು ವಾದಿಸಿ, ನಾರಿನ ಆಧಾರವಿರುವ ಬಗೆಯನ್ನು ತರಿಸಿದೆ. 'ಇಷ್ಟೆಲ್ಲ ಯಾರೂ ಕೇಳುವುದಿಲ್ಲ' ಎಂದ. ಕೊಟ್ಟಿಗೆಯ ಕನ್ವರ್ಟರಿಗೂ ಕ್ಯಾಮೆರಾಕ್ಕೂ ಅಲ್ಲಿಯದೇ ಕರೆಂಟು. ಹಾಗಾಗಿ ಕರೆಂಟು ಹೋದಾಗ ಆ ಎರಡನ್ನು ಮಾತ್ರ ನಡೆಸಲು ಅಲ್ಲಿ ಪುಟ್ಟ ಬ್ಯಾಟರಿಯೊಂದನ್ನು ಇಡಬೇಕಾಯಿತು.