ಊಟದ ನಂತರದ ಸಭೆ ಎಚ್ಚರವಾದದ್ದು ಹೀಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಹೋಟೆಲೊಂದರಲ್ಲಿ ಬೀಜ ಕಂಪನಿಯ ಡೀಲರುಗಳ ಸಭೆ, ನಿರೂಪಣೆ ನನ್ನದು. ಮೊದಲ ದಿನ ಹೋಳಿಗೆ ಊಟ ಮುಗಿಸಿ ಬಂದವರು ಹಿಂದಿನ ಸಾಲು ಹಿಡಿದು ಮೊಬೈಲಿಗೆ ತಲೆಬಾಗಿದರು. ಒಬ್ಬರು ಗೊರಕೆಯನ್ನೇ ಹೊಡೆದರು. ನನ್ನ 30 ಸ್ಲೈಡುಗಳ ಮಹಿಮೆ!

ಮರುದಿನ ಹಿಂದಿನ ಕುರ್ಚಿಗಳನ್ನು ತೆಗೆಸಿದೆ. ಸ್ಲೈಡು 6ಕ್ಕೆ ಇಳಿಯಿತು. ಎಲ್ಲರನ್ನೂ ಎಬ್ಬಿಸಿ, "ನಮ್ಮ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಒಂದು ಕಿಲೋಮೀಟರಿಗಿಂತ ಉದ್ದ ಎನ್ನುವವರು ನಿಂತಿರಿ, ಉಳಿದವರು ಕುಳಿತುಕೊಳ್ಳಿ" ಎಂದೆ. ಉತ್ತರ 1,507 ಮೀಟರ್ ಎಂದಾಗ ಕುಳಿತವರೇ ವಾದಕ್ಕಿಳಿದರು. ಅದೇ ಬಿಸಿಯಲ್ಲಿ ಬ್ಯಾಡಗಿಯ ಹಿರಿಯರೊಬ್ಬರ ಕೈಗೆ ಮೈಕ್ ಕೊಟ್ಟು, "ಸಾಹುಕಾರರೇ, ಮೆಣಸಿನಕಾಯಿ ಬೀಜ ಮೊಳೆಯಲಿಲ್ಲವೆಂದು ರೈತ ಅಂಗಡಿಗೆ ಬಂದರೆ ಏನು ಹೇಳುತ್ತೀರಿ?" ಎಂದು ಕೇಳಿದೆ. ಕಂಪನಿಯ ಮ್ಯಾನೇಜರೂ ಪೆನ್ನು ತೆಗೆದರು. ಮೈಕ್ ಮರಳಿ ಪಡೆಯುವುದೇ ಕಷ್ಟವಾಯಿತು.