ಕಕ್ಕೆಗೆ ಕತ್ತರಿ ಬೇಡ, ಮಲ್ಲಿಗೆಗೆ ಬೇಕು

ಸಂಕ್ರಾಂತಿ ಹತ್ತಿರವಾದಾಗ ಕತ್ತರಿ ಹಿಡಿದು ಕೈತೋಟಕ್ಕೆ ಇಳಿಯುವವರು ಒಂದು ವಿಷಯ ನೋಡಿಕೊಳ್ಳಬೇಕು: ಗಿಡ ಹೂ ಬಿಡುವುದು ಹಳೇ ಕೊಂಬೆಯಲ್ಲೋ, ಹೊಸ ಚಿಗುರಲ್ಲೋ? ಕಕ್ಕೆ ಮರ ಬಲಿತ ಕೊಂಬೆಯಲ್ಲಿ, ಎಲೆ ಉದುರಿದ ಸಂದಿಯಿಂದ ಏಪ್ರಿಲ್‌–ಮೇನಲ್ಲಿ ಹಳದಿ ಗೊಂಚಲು ಇಳಿಬಿಡುತ್ತದೆ. ದುಂಡುಮಲ್ಲಿಗೆ ಮೊಗ್ಗು ಕಚ್ಚುವುದು ಹೊಸ ಚಿಗುರಿನ ತುದಿಯಲ್ಲಿ. ಎರಡನ್ನೂ ಒಟ್ಟಿಗೆ ಸವರಿದರೆ ಮಲ್ಲಿಗೆ ಬುಟ್ಟಿ ತುಂಬುತ್ತದೆ, ಕಕ್ಕೆಯಲ್ಲಿ ಆ ವರ್ಷ ಬರೀ ಎಲೆ.

ಕಕ್ಕೆಯನ್ನು ಬೀಜದಿಂದಲೇ ಬೆಳೆಸಬಹುದು. ಕಾಯಿ ಕಪ್ಪಾಗಿ, ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಕಲ್ಲಿನಿಂದ ಒಡೆದರೆ ಒಳಗೆ ನಾಣ್ಯ ಜೋಡಿಸಿಟ್ಟಂತೆ ತೆಳು ಬಿಲ್ಲೆಗಳು. ಎರಡು ಬಿಲ್ಲೆಯ ನಡುವೆ ಒಂದೊಂದು ಕಂದು ಬೀಜ, ಸುತ್ತ ಕಪ್ಪು ಅಂಟು. (ಈ ತಿರುಳು ಆಯುರ್ವೇದದಲ್ಲಿ ಭೇದಿ ಔಷಧ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.) ರಾತ್ರಿಯಿಡೀ ನೆನೆಸಿ ತೊಳೆಯಿರಿ. ಸಿಪ್ಪೆ ಎಷ್ಟು ಗಟ್ಟಿಯೆಂದರೆ ಹಾಗೇ ಬಿತ್ತಿದ ಬೀಜ ತಿಂಗಳುಗಟ್ಟಲೆ ಮಣ್ಣಲ್ಲಿ ಸುಮ್ಮನೆ ಬಿದ್ದಿರುತ್ತದೆ. ಮರಳು ಕಾಗದದಲ್ಲಿ ಒಂದು ಬದಿಯನ್ನು ಒಳಗಿನ ಬಿಳಿ ಇಣುಕುವಷ್ಟು ಉಜ್ಜಿ, ಮತ್ತೆ ಒಂದು ರಾತ್ರಿ ನೆನೆಸಿ. ಬೆಳಿಗ್ಗೆ ಉಬ್ಬಿದ್ದನ್ನು ಮಾತ್ರ ಬಿತ್ತಿ, ಉಬ್ಬದ್ದನ್ನು ಇನ್ನೊಮ್ಮೆ ಉಜ್ಜಿ.

ಕೆಂಪುಮಣ್ಣು 2 ಪಾಲು, ಮರಳು ಮತ್ತು ಕೊಟ್ಟಿಗೆ ಗೊಬ್ಬರ ಒಂದೊಂದು ಪಾಲು ತುಂಬಿದ ಚೀಲದಲ್ಲಿ 1 ಸೆಂ.ಮೀ. ಆಳಕ್ಕೆ ಬೀಜ ಹಾಕಿ. ಸಸಿಯನ್ನು ವರ್ಷಕ್ಕಿಂತ ಹೆಚ್ಚು ಕಾಲ ಚೀಲದಲ್ಲಿಟ್ಟರೆ ತಾಯಿಬೇರು ಸುತ್ತಿಕೊಂಡು, ನೆಟ್ಟ ಮೇಲೂ ಸೊರಗುತ್ತದೆ.

ಮುಂಗಾರು ಹಿಡಿದ ಮೇಲೆ 2 ಅಡಿ ಉದ್ದ, ಅಗಲ, ಆಳದ ಗುಂಡಿಗೆ 10 ಕೆ.ಜಿ. ಕೊಟ್ಟಿಗೆ ಗೊಬ್ಬರ, 250 ಗ್ರಾಂ ಬೇವಿನ ಹಿಂಡಿ ಬೆರೆಸಿ ನೆಡಿ. ಗೋಡೆಯಿಂದ 10 ಅಡಿಯಾದರೂ ದೂರವಿರಲಿ, ದಿನಕ್ಕೆ 6 ಗಂಟೆ ಬಿಸಿಲು ಬೀಳಲಿ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ ಒಂದೊಂದು ಕೊಡ ನೀರು ಸಾಕು. ಹೂವಿಗೆ ಐದಾರು ವರ್ಷವಾದರೂ ಕಾಯಬೇಕು, ಅವಸರದವರಿಗೆ ಈ ಮರ ಅಲ್ಲ.

ಮರ ಬೆಳೆದ ಮೇಲೂ ಹೂ ಬಾರದಿದ್ದರೆ ಬಹುಪಾಲು ತಪ್ಪು ನೀರಿನದು. ದೀಪಾವಳಿಯ ನಂತರ ನೀರು ನಿಲ್ಲಿಸಿ. ಎಲೆ ಉದುರಿದರೆ ಗಾಬರಿ ಬೇಡ. ಪಕ್ಕದ ಹುಲ್ಲುಹಾಸಿಗೆ ದಿನವೂ ನೀರು, ಮೇಲೆ ಯೂರಿಯಾ ಬಿದ್ದರೆ ಮರ ಹಸಿರಾಗಿಯೇ ಉಳಿದುಬಿಡುತ್ತದೆ. ಸವರಲೇಬೇಕಿದ್ದರೆ ಹೂ ಮುಗಿದ ಕೂಡಲೇ, ಜೂನ್‌ನಲ್ಲಿ.

ಮಲ್ಲಿಗೆಯದು ತದ್ವಿರುದ್ಧ. ಡಿಸೆಂಬರ್ ನಡುವಿಗೆ ನೀರು ತಡೆದು, ಎರಡು ವಾರ ಬಿಟ್ಟು ಪೊದೆಯನ್ನು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ. ಉಳಿದ ಎಲೆಯನ್ನೂ ಕಿತ್ತುಹಾಕಿ. ಬುಡ ಕೆದಕಿ, ಪೊದೆಗೆ ಒಂದು ಬುಟ್ಟಿ ಗೊಬ್ಬರ ಕೊಟ್ಟ ಮೇಲೆ ನೀರು ಹಾಯಿಸಿ. ಮಾರ್ಚ್ ಹೊತ್ತಿಗೆ ಮೊಗ್ಗು. ಮೊಗ್ಗು ನೇರಳೆಗೆ ತಿರುಗಿ ಬಲೆಯಲ್ಲಿ ಅಂಟಿಕೊಂಡಿದ್ದರೆ ಒಳಗೆ ಕೊರೆಯುವ ಹುಳು ಇದೆಯೆಂದೇ ಅರ್ಥ, ಬಿಡಿಸಿ ಸುಟ್ಟುಬಿಡಿ.

ಕಕ್ಕೆಯ ಚಿಗುರು ತಿನ್ನುವ ಹಸಿರು ಹುಳುಗಳ ಮೇಲೆ ಮಾತ್ರ ಔಷಧಿ ಹೊಡೆಯಬೇಡಿ. ಮುಂದೆ ಅವೇ ಹಳದಿ ಚಿಟ್ಟೆಗಳಾಗುತ್ತವೆ. ಎಳೆ ಸಸಿಯಾದರೆ ಕೈಯಲ್ಲಿ ಆರಿಸಿ ದೊಡ್ಡ ಮರಕ್ಕೆ ಬಿಡಿ. ಬೋಳಾದರೂ ಅದು ಮತ್ತೆ ಚಿಗುರಿಕೊಳ್ಳುತ್ತದೆ.