ರಕ್ತಸಂಬಂಧಿಗಳು ಬೇಡ, ಹೊರಗಿನವರು ಬರಲಿ

ನನ್ನ ಗಂಡನಿಗೆ ತೀವ್ರ ಸ್ವರೂಪದ ರಕ್ತದ ಕ್ಯಾನ್ಸರ್ ಎಂದು ಖಚಿತವಾದ ಕೂಡಲೇ ಅವರ ಅಣ್ಣ, ತಮ್ಮ ಇಬ್ಬರೂ ಅಂಗಿಯ ತೋಳು ಮಡಚಿಕೊಂಡು ರಕ್ತ ಕೊಡಲು ಬಂದರು. ವೈದ್ಯರು ಇಬ್ಬರನ್ನೂ ವಾಪಸು ಕಳಿಸಿದರು. ಮುಂದೆ ಅಸ್ಥಿಮಜ್ಜೆ ಕಸಿ ಮಾಡಬೇಕಾಗಿ ಬರಬಹುದು, ಆಗ ಒಡಹುಟ್ಟಿದವರೇ ದಾನಿಗಳಾಗಬೇಕಾದೀತು. ಈಗಲೇ ಅವರ ರಕ್ತ ಏರಿಸಿದರೆ ರೋಗಿಯ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಂಡು, ನಾಳೆ ಅದೇ ಮನುಷ್ಯನಿಂದ ಬರುವ ಮಜ್ಜೆಯನ್ನು ಒಪ್ಪದೆ ಹೋಗಬಹುದು. "ಮನೆಯವರು ಬೇಡ, ಹೊರಗಿನವರನ್ನು ಕರೆತನ್ನಿ" ಎಂದರು.

ಮೈದುನನ ಮುಖ ಸಪ್ಪಗಾಯಿತು. "ನೋಡಿದಿರಾ ಅತ್ತಿಗೆ, ಸ್ವಂತ ತಮ್ಮನ ರಕ್ತ ಆಗುವುದಿಲ್ಲವಂತೆ, ಯಾರೋ ಗುರುತಿಲ್ಲದವರದ್ದು ಆಗುತ್ತದಂತೆ" ಎಂದ. ಅವನಿಗೆ ಸಿಟ್ಟು, ನನಗೆ ಭಯ. ಕಷ್ಟ ಬಂದರೆ ಬಾಗಿಲು ಮುಚ್ಚಿಕೊಂಡು ಮನೆಮಂದಿಯಷ್ಟೇ ನಿಭಾಯಿಸಬೇಕು ಎಂದು ಬೆಳೆದವಳು ನಾನು. ಯಾರ ಮುಂದೆಯೂ ಕೈಚಾಚಿ ಗೊತ್ತಿರಲಿಲ್ಲ. ಈಗ ಬಾಗಿಲು ತೆರೆಯದೆ ಬೇರೆ ದಾರಿಯೇ ಇರಲಿಲ್ಲ.

ಕಿಮೋ ಶುರುವಾದ ಮೇಲೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಇಳಿಯುತ್ತದೆ. ಅದನ್ನು ಕೂಡಿಡಲು ಬರುವುದಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು. ರಕ್ತದ ಹಾಗೆ ಅದನ್ನು ಫ್ರಿಜ್ಜಿನಲ್ಲಿ ಇಡುವುದಿಲ್ಲ. 20ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸದಾ ಮೆಲ್ಲಗೆ ಅಲುಗಾಡಿಸುತ್ತಾ ಇಡುತ್ತಾರೆ, ಸಾಮಾನ್ಯವಾಗಿ 5 ದಿನಕ್ಕೆ ಅದರ ಆಯುಷ್ಯ ಮುಗಿಯುತ್ತದೆ. ಅಂದರೆ ಸುದ್ದಿ ಕೇಳಿದ ಮೊದಲ ದಿನವೇ ಇಡೀ ಕಚೇರಿ ಬಂದು ಸಾಲಿನಲ್ಲಿ ನಿಂತರೆ ಏನೂ ಪ್ರಯೋಜನವಿಲ್ಲ. ಈ ವಾರ ಇಬ್ಬರು, ಮುಂದಿನ ವಾರ ಇಬ್ಬರು, ಮುಂದಿನ ತಿಂಗಳು ಇನ್ನಿಬ್ಬರು ಬೇಕು. ಅವರಲ್ಲಿ ಯಾರೂ ಆ ಮೊದಲಿನ ದಿನಗಳಲ್ಲಿ ಆಸ್ಪಿರಿನ್ ನುಂಗಿರಬಾರದು, ತೋಳಿನ ನರ ದಪ್ಪವಾಗಿ ಕಾಣಬೇಕು, ಪ್ಲೇಟ್‌ಲೆಟ್ ಬೇರ್ಪಡಿಸುವ ಯಂತ್ರದ ಪಕ್ಕ ಒಂದೂವರೆ ಎರಡು ಗಂಟೆ ಅಲುಗದೆ ಕೂರುವ ತಾಳ್ಮೆ ಇರಬೇಕು. ರಕ್ತ ಹೆಪ್ಪುಗಟ್ಟದಂತೆ ಸೇರಿಸುವ ಸಿಟ್ರೇಟ್ ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ಕೆಲವರಿಗೆ ತುಟಿ ಜುಮುಗುಟ್ಟುತ್ತದೆ. ಇದನ್ನು ಮೊದಲೇ ಹೇಳಿದ್ದರೆ ಯಾರೂ ಗಾಬರಿಯಾಗುವುದಿಲ್ಲ.

ಸಹಾಯವೂ ಹೀಗೆಯೇ ಎಂದು ನನಗೆ ಅನ್ನಿಸಿತು. ಒಂದೇ ಸಲ ರಾಶಿ ಬಂದು ಬೀಳುತ್ತದೆ, ಕೂಡಿಡಲು ಬರುವುದಿಲ್ಲ, ನಿಜವಾಗಿ ಬೇಕಾದ ಹೊತ್ತಿಗೆ ಬರಿದಾಗಿರುತ್ತದೆ. ಅದನ್ನು ಹಂಚಿ, ಸರದಿ ಹಾಕಿ, ದಿನ ಗೊತ್ತು ಮಾಡುವವರು ಬೇಕು. ಆ ಕೆಲಸ ರೋಗಿಯ ಹಾಸಿಗೆಯ ಪಕ್ಕದಲ್ಲಿರುವವರ ಕೈಯಿಂದ ಆಗುವುದಿಲ್ಲ.

ನಮಗೆ ಅದನ್ನು ಮಾಡಿಕೊಟ್ಟವಳು ನನ್ನ ಕಚೇರಿಯ ಲೆಕ್ಕಪತ್ರ ವಿಭಾಗದ ಗೆಳತಿ. ಅವಳು ಕಣ್ಣೀರು ಹಾಕುವ ಜಾತಿಯವಳಲ್ಲ. ಬಂದು ಕೂತು, ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆರೆದು ಗೆರೆ ಎಳೆದಳು. ಹೆಸರು, ಫೋನ್ ಸಂಖ್ಯೆ, ರಕ್ತದ ಗುಂಪು, ಕಳೆದ ಸಲ ರಕ್ತ ಕೊಟ್ಟ ತಾರೀಕು, ರಾತ್ರಿ ಕರೆದರೆ ಬರುತ್ತಾರೆಯೇ, ಷರಾ. ಆ ಷರಾ ಅಂಕಣವನ್ನು ಓದುವುದೇ ನನ್ನ ಗಂಡನಿಗೆ ಒಂದು ಮನರಂಜನೆಯಾಯಿತು. "ಸೂಜಿ ಕಂಡರೆ ತಲೆ ಸುತ್ತುತ್ತದೆ, ಆದರೆ ಕಾರು ಇದೆ." "ಮಾತು ಜಾಸ್ತಿ, ರೋಗಿಯ ಹತ್ತಿರ ಬೇಡ, ವಿಮಾ ಕಚೇರಿಗೆ ಕಳಿಸಬಹುದು." "ಗಣಿತ ಚೆನ್ನಾಗಿ ಹೇಳಿಕೊಡುತ್ತಾರೆ, ಮಗಳಿಗೆ." ತಲೆಗೂದಲೆಲ್ಲ ಉದುರಿದ ಮನುಷ್ಯ, ಬಾಯೊಳಗೆ ಹುಣ್ಣು, ಆದರೂ ನಗುತ್ತಿದ್ದರು.

"ಏನಾದರೂ ಬೇಕಿದ್ದರೆ ಹೇಳಿ" ಎಂದವರೆಲ್ಲರ ಹೆಸರೂ ಆ ಪುಸ್ತಕಕ್ಕೆ ಹೋಯಿತು. ಅದು ಬಾಯುಪಚಾರದ ಮಾತು ಎಂದು ಬಹಳ ಜನ ಮೂಗು ಮುರಿಯುತ್ತಾರೆ. ನಾನು ಹಾಗೆ ಹೇಳಲಾರೆ. ಮಾಡಬೇಕಾದ ಕೆಲಸ ಯಾವುದೆಂದು ತಿಳಿಯದೆ ಹಾಗೆ ಹೇಳುವವರೇ ಹೆಚ್ಚು. ಗೆಳತಿ ಅವರಿಗೆ ಫೋನ್ ಮಾಡಿ, "ಗುರುವಾರ ಸಂಜೆ ನಾಲ್ಕರಿಂದ ಆರು, ಅವರ ಅತ್ತೆಯ ಜೊತೆ ಕೂತಿರಲು ಆಗುತ್ತದೆಯೇ?" ಎಂದು ಕೇಳುತ್ತಿದ್ದಳು. ದಿನ, ಗಂಟೆ, ಕೆಲಸ ಮೂರೂ ಸ್ಪಷ್ಟವಾಗಿದ್ದರೆ ಜನ ಹೌದು ಅಥವಾ ಇಲ್ಲ ಎನ್ನುತ್ತಾರೆ. ಇಲ್ಲ ಎಂದವರ ಮೇಲೆ ಅವಳು ಬೇಸರಪಡುತ್ತಿರಲಿಲ್ಲ, ಹೆಸರನ್ನು ಅಳಿಸುತ್ತಲೂ ಇರಲಿಲ್ಲ. ಮುಂದಿನ ತಿಂಗಳು ಮತ್ತೆ ಕೇಳುತ್ತಿದ್ದಳು.

ರಾತ್ರಿಯ ಅಂಕಣ ಏಕೆ ಬೇಕಿತ್ತು ಎಂದು ಹೇಳುತ್ತೇನೆ. ಕಿಮೋ ನಂತರ ಸೋಂಕನ್ನು ಎದುರಿಸುವ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಕುಸಿಯುತ್ತವೆ. ಮೈಕ್ರೋಲೀಟರ್ ರಕ್ತದಲ್ಲಿ ಅವು 500ಕ್ಕಿಂತ ಕಡಿಮೆಯಾಗಿರುವಾಗ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ನಮಗೆ ಹೇಳಿದ್ದ ಗಡಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್. ಆರೋಗ್ಯವಂತರು ಮಾತ್ರೆ ನುಂಗಿ ಮಲಗಿಬಿಡುವಷ್ಟು ಜ್ವರ ಅದು. ನಮಗೆ ಮಾತ್ರ ತಕ್ಷಣ ಆಸ್ಪತ್ರೆ. ನಮ್ಮ ಅಕ್ಕಪಕ್ಕದ ಇಬ್ಬರು ಫೋನನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಸರದಿಯ ಮೇಲೆ ಮಲಗುತ್ತಿದ್ದರು. ಕರೆದದ್ದು ಕೆಲವೇ ರಾತ್ರಿ. ಕರೆಯದ ರಾತ್ರಿಗಳಲ್ಲಿ ನನಗೆ ನಿದ್ದೆ ಬರುತ್ತಿದ್ದುದೂ ಅವರಿಂದಲೇ.

ಇದೇ ಕಾರಣಕ್ಕೆ ನೋಡಲು ಬರುವವರನ್ನು ತಡೆಯಬೇಕಾಯಿತು. ಶೀತ, ಕೆಮ್ಮು ಇದ್ದವರು ಬೇಡ, ಹೂಗುಚ್ಛ ಬೇಡ, ಕೈ ತೊಳೆಯದೆ ಹತ್ತಿರ ಬರಬೇಡಿ ಎಂದು ಹೇಳುವುದು ಕಷ್ಟದ ಕೆಲಸ. ಪ್ರೀತಿಯಿಂದ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಬೇಕು. ಅದನ್ನು ನನ್ನ ಭಾವನವರು ವಹಿಸಿಕೊಂಡರು. ಹಿರಿಯರಾದ್ದರಿಂದ ಅವರ ಮಾತಿಗೆ ಯಾರೂ ಎದುರಾಡಲಿಲ್ಲ. ದಿನಕ್ಕೊಂದು ಸಂದೇಶ ಬರೆಯುವ ಕೆಲಸ ಮೈದುನನದ್ದು: ಇವತ್ತಿನ ಸಂಖ್ಯೆಗಳು, ಇವತ್ತಿನ ಸ್ಥಿತಿ, ನಾಳೆ ಏನು ಬೇಕು. ಕೊನೆಯಲ್ಲಿ "ಉತ್ತರಿಸಬೇಕಾಗಿಲ್ಲ" ಎಂಬ ಸಾಲು. ಒಂದೇ ಕಥೆಯನ್ನು ಮೊದಲಿನಿಂದ ಮತ್ತೆ ಮತ್ತೆ ಹೇಳುವ ಶಿಕ್ಷೆ ನನಗೆ ತಪ್ಪಿತು. ರೋಗಿಯ ಮನೆಯವರನ್ನು ಅತಿ ಹೆಚ್ಚು ದಣಿಸುವುದು ಫೋನ್ ಎಂದು ನಾನು ಈಗಲೂ ಆಣೆ ಮಾಡಿ ಹೇಳಬಲ್ಲೆ.

ಸಲಹೆ ಕೊಡುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಲ್ಲರ ಬಳಿಯೂ ಒಂದು ಕಷಾಯ, ಒಬ್ಬ ಪವಾಡ ಪುರುಷ ಇದ್ದೇ ಇರುತ್ತಾರೆ. ನನಗೆ ಕಷ್ಟವಾದದ್ದು ನನ್ನನ್ನೇ ಹಿಡಿದುಕೊಂಡು ಅಳುತ್ತಿದ್ದವರಿಂದ. ಅವರನ್ನು ಸಮಾಧಾನ ಮಾಡುವ ಹೊಣೆ ನನ್ನ ತಲೆಗೆ ಬರುತ್ತಿತ್ತು. ಸೂಸನ್ ಸಿಲ್ಕ್ ಎಂಬ ಮನಶ್ಶಾಸ್ತ್ರಜ್ಞೆ ಬ್ಯಾರಿ ಗೋಲ್ಡ್‌ಮನ್ ಅವರೊಂದಿಗೆ ಸೇರಿ 2013ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ ಲೇಖನದ ಬಗ್ಗೆ ಆಪ್ತ ಸಮಾಲೋಚಕಿಯೊಬ್ಬರು ನನಗೆ ಹೇಳಿದರು. ನಡುವೆ ರೋಗಿಯ ಹೆಸರು ಬರೆದು ಸುತ್ತ ವೃತ್ತ ಎಳೆಯಿರಿ. ಅದರ ಸುತ್ತ ಮನೆಯವರು, ಅದರಾಚೆ ಸ್ನೇಹಿತರು, ಇನ್ನೂ ಆಚೆ ಪರಿಚಯಸ್ಥರು. ಒಳಗಿನ ವೃತ್ತಕ್ಕೆ ಸಾಂತ್ವನ ಮಾತ್ರ ಹೋಗಬೇಕು, ಗೋಳು ಹೊರಗಿನ ವೃತ್ತದ ಕಡೆಗೆ ಹರಿಯಬೇಕು. ಗೆಳತಿ ಇದನ್ನು ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಬರೆದಿಟ್ಟುಕೊಂಡಳು. ಯಾರಾದರೂ ನನ್ನ ಮುಂದೆ ಬಿಕ್ಕಲು ಶುರುಮಾಡಿದರೆ ಮೆಲ್ಲಗೆ ಎಬ್ಬಿಸಿಕೊಂಡು ಹೋಗಿ ತನ್ನ ಮುಂದೆ ಕೂರಿಸಿಕೊಳ್ಳುತ್ತಿದ್ದಳು.

ಆಸ್ಪತ್ರೆಯಲ್ಲಿ ರೋಗಿಗಳದ್ದೇ ಒಂದು ಗುಂಪು ವಾರಕ್ಕೊಮ್ಮೆ ಸೇರುತ್ತಿತ್ತು. ನನ್ನ ಗಂಡ ಮೊದಲು ಹೋಗಲು ಒಪ್ಪಲಿಲ್ಲ. "ನನ್ನ ರೋಗವೇ ನನಗೆ ಸಾಕಾಗಿದೆ, ಅವರದ್ದೂ ಕೇಳಬೇಕೇ?" ಎನ್ನುತ್ತಿದ್ದರು. ಹೋದ ಮೇಲೆ ಬಿಡಲಿಲ್ಲ. ನನ್ನ ಹತ್ತಿರ ಆಡದ ಮಾತುಗಳನ್ನು ಅಲ್ಲಿ ಆಡುತ್ತಿದ್ದರು ಎಂದು ನನಗೆ ಗೊತ್ತು, ಆಡಲಿ ಎಂದೇ ನಾನು ಹೊರಗೆ ಕಾಯುತ್ತಿದ್ದೆ. ಇಂಥ ಗುಂಪಿಗೆ ಹೋದರೆ ಆಯುಷ್ಯ ಹೆಚ್ಚುತ್ತದೆ ಎಂದು ಆಸೆ ಹುಟ್ಟಿಸುವವರಿದ್ದಾರೆ. ಆ ಮಾತಿಗೆ ಮೂಲ 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು ಪ್ರಕಟಿಸಿದ, ಹರಡಿದ ಸ್ತನ ಕ್ಯಾನ್ಸರ್ ಇದ್ದ ಮಹಿಳೆಯರ ಮೇಲಿನ ಅಧ್ಯಯನ. 2001ರಲ್ಲಿ ಕೆನಡಾದಲ್ಲಿ ನಡೆದ ಇನ್ನೂ ದೊಡ್ಡ ಅಧ್ಯಯನದಲ್ಲಿ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ, 2007ರಲ್ಲಿ ಸ್ಪೀಗೆಲ್ ಅವರೇ ಮತ್ತೆ ಮಾಡಿದಾಗಲೂ ಒಟ್ಟಾರೆಯಾಗಿ ಕಾಣಲಿಲ್ಲ. ಆದರೆ ಕೆನಡಾದ ಅಧ್ಯಯನದಲ್ಲಿ ಮನಸ್ಸಿನ ಸಂಕಟ ಇಳಿಯಿತು, ನೋವಿನ ಅನುಭವವೂ ಕಡಿಮೆಯಾಯಿತು, ಅದರಲ್ಲೂ ಮೊದಲೇ ಹೆಚ್ಚು ಕಂಗೆಟ್ಟಿದ್ದವರಲ್ಲಿ. ನಮಗೆ ಅಷ್ಟೇ ಸಾಕಿತ್ತು. ಆ ಸಂಜೆಗಳಲ್ಲಿ ಅವರು ಹಗುರಾಗಿ ಮನೆಗೆ ಬರುತ್ತಿದ್ದರು.

ಕಸಿಗೆ ಒಡಹುಟ್ಟಿದವರಲ್ಲಿ ಒಬ್ಬೊಬ್ಬರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೈದುನನದ್ದು ಹೊಂದಿತು. ಅವನ ಮುನಿಸು ಅಂದೇ ಕರಗಿತು. ಕಸಿ ನಡೆಯಿತು, ಕೆಲವು ಕಾಲ ಚೆನ್ನಾಗಿದ್ದರು, ರೋಗ ಮರಳಿತು. ಆಮೇಲಿನದ್ದು ಉಪಶಾಮಕ ಚಿಕಿತ್ಸೆ, ಅಂದರೆ ರೋಗ ವಾಸಿಯಾಗದಿದ್ದರೂ ನೋವು ತಗ್ಗಿಸುವ ಆರೈಕೆ. ಬ್ರಿಟಿಷ್ ವೈದ್ಯೆ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸಾವಿನ ಹತ್ತಿರವಿರುವವರ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆರಂಭಿಸಿದ ಕಾಲಕ್ಕೇ, ಸಾಯುವವರ ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಸಂಬಂಧಗಳದು, ಅರ್ಥ ಹುಡುಕುವ ಸಂಕಟದ್ದು ಎಂದು ಹೇಳುತ್ತಿದ್ದರು. ನಮ್ಮಲ್ಲೂ ಹಾಗೇ ಆಯಿತು. ಮಾರ್ಫಿನ್ ಹೊತ್ತುಹೊತ್ತಿಗೆ ಸರಿಯಾಗಿ ಸಿಕ್ಕಿದ ಮೇಲೆ ಮೂಳೆನೋವು ತಗ್ಗಿತು. ಮಗಳ ಕಾಲೇಜಿನ ಶುಲ್ಕ ಯಾರು ನೋಡಿಕೊಳ್ಳುತ್ತಾರೆ ಎಂಬ ನೋವು ಭಾವನವರು ಬಂದು ಬಾಯಿಬಿಟ್ಟು ಹೇಳುವವರೆಗೆ ತಗ್ಗಲಿಲ್ಲ. ನನ್ನ ಗಂಡ ಮನೆಯಲ್ಲೇ ತೀರಿಕೊಂಡರು.

ಸಾವಿನ ಮನೆ ತುಂಬಿರುತ್ತದೆ, ಕೆಲವೇ ವಾರಗಳಲ್ಲಿ ಖಾಲಿಯಾಗುತ್ತದೆ. ಗೆಳತಿಗೆ ಇದು ಗೊತ್ತಿತ್ತು. ಪುಸ್ತಕದಲ್ಲಿ ಹೊಸ ಪುಟ ತೆರೆದು, ಮೇಲೆ "ಆಮೇಲೆ" ಎಂದು ಬರೆದು, ಮುಂದಿನ ತಿಂಗಳುಗಳಿಗೆ ಹೆಸರುಗಳನ್ನು ಹಂಚಿದ್ದಳು. ನನಗೆ ತಿಳಿಸಿರಲಿಲ್ಲ. ಎಲ್ಲರೂ ಮರೆತರು ಎಂದು ನಾನು ಅಂದುಕೊಳ್ಳುವ ಹೊತ್ತಿಗೆ ಯಾರಾದರೂ ಒಬ್ಬರು ಬಂದು ಬ್ಯಾಂಕಿಗೆ ಕರೆದುಕೊಂಡು ಹೋಗುತ್ತಿದ್ದರು. ಇನ್ನೊಬ್ಬರು ಸುಮ್ಮನೆ ಜೊತೆಯಲ್ಲಿ ನಡೆಯಲು ಬರುತ್ತಿದ್ದರು. ಅತ್ತೆಗೂ ಬೇರೆ ಸರದಿ ಇತ್ತು. ಮಗನನ್ನು ಕಳೆದುಕೊಂಡವರ ದುಃಖವನ್ನು ಸೊಸೆಯ ದುಃಖದ ಅಡಿಯಲ್ಲಿ ಮುಚ್ಚಿಬಿಡುವುದು ಸುಲಭ.

ದುಃಖಕ್ಕೆ ಐದು ಹಂತಗಳಿವೆ, ನೀನು ಈಗ ಸಿಟ್ಟಿನ ಹಂತದಲ್ಲಿದ್ದೀಯ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ವಿವರಿಸಿದ್ದು ಸಾವಿನ ಹತ್ತಿರವಿದ್ದ ರೋಗಿಗಳ ಜೊತೆ ಮಾತಾಡಿ. ಉಳಿದವರ ದುಃಖಕ್ಕೆ ಅದನ್ನು ಮೆಟ್ಟಿಲಿನಂತೆ ಜೋಡಿಸುವುದು ನನಗೆ ಒಗ್ಗಲಿಲ್ಲ. ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಮುಂದಿಟ್ಟ ಚಿತ್ರ ನನ್ನ ದಿನಚರಿಗೆ ಹೆಚ್ಚು ಹತ್ತಿರವಾಗಿತ್ತು: ದುಃಖಿತರು ಕಳೆದುಕೊಂಡದ್ದರ ಕಡೆಗೂ ಮುಂದೆ ಬದುಕಬೇಕಾದದ್ದರ ಕಡೆಗೂ ಓಲಾಡುತ್ತಿರುತ್ತಾರೆ, ಆ ಓಲಾಟ ಆರೋಗ್ಯಕರ. ಬೆಳಗ್ಗೆ ಪಿಂಚಣಿ ಅರ್ಜಿ ತುಂಬಿ, ಮಧ್ಯಾಹ್ನ ಅವರ ಚಪ್ಪಲಿ ನೋಡಿ ಕುಸಿದು, ಸಂಜೆ ಮಗಳ ಜೊತೆ ನಕ್ಕಿದ್ದೇನೆ. ಸುತ್ತಲಿನವರಲ್ಲೂ ಎರಡು ಬಗೆಯವರು ಬೇಕು. ಅರ್ಜಿಯ ಜೊತೆಗೆ ಬರುವವರು ಕೆಲವರು, ಚಪ್ಪಲಿಯ ಕಥೆ ಕೇಳುವವರು ಕೆಲವರು. ಒಬ್ಬರೇ ಎರಡನ್ನೂ ಮಾಡಲಿ ಎಂದು ನಿರೀಕ್ಷಿಸಿದರೆ ಇಬ್ಬರಿಗೂ ಆಯಾಸ.

ಸುತ್ತಲಿನವರ ಪ್ರೀತಿಯಿಂದ ಆಗದ ಕೆಲಸವೂ ಇದೆ. ನಮ್ಮ ಗುಂಪಿನ ಒಬ್ಬರು ಹೆಂಡತಿ ತೀರಿಕೊಂಡು ಬಹುಕಾಲವಾದರೂ ಕೆಲಸಕ್ಕೆ ಮರಳಲಿಲ್ಲ, ಹಗಲಿರುಳು ಅದೇ ಹಂಬಲ, ಯಾವುದೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ ಇದನ್ನು ದೀರ್ಘಕಾಲದ ದುಃಖದ ಕಾಯಿಲೆ ಎಂದು ಗುರುತಿಸುತ್ತದೆ. ಕನಿಷ್ಠ 6 ತಿಂಗಳು ದಾಟಿರಬೇಕು, ಬದುಕು ನಡೆಸಲಾಗದಷ್ಟು ತೀವ್ರವಾಗಿರಬೇಕು, ಅವರವರ ಸಮಾಜದಲ್ಲಿ ಸಹಜ ಎನ್ನುವುದನ್ನು ಮೀರಿರಬೇಕು. ನಾವು ಅವರಿಗೆ ಧೈರ್ಯ ಹೇಳುತ್ತಾ ಕೂರಲಿಲ್ಲ, ಮನೋವೈದ್ಯರ ಭೇಟಿಗೆ ಸಮಯ ಗೊತ್ತು ಮಾಡಿ ಒಬ್ಬರು ಜೊತೆಗೆ ಹೋದರು. ಸಾಯಬೇಕು ಎಂಬ ಮಾತು ಬಂದರಂತೂ ತಿಂಗಳ ಲೆಕ್ಕವೇ ಇಲ್ಲ, ಅಂದೇ ಹೋಗಬೇಕು, ಒಂಟಿಯಾಗಿ ಬಿಡಬಾರದು.

ಈಗ ಆ ಪುಸ್ತಕದ ಕೆಲಸ ಬೇರೆಯವರಿಗಾಗಿ ನಾನೂ ಮಾಡುತ್ತೇನೆ. ಹೊಸ ಕುಟುಂಬ ಬಂದರೆ ರೋಗದ ಹೆಸರಿಗಿಂತ ಮೊದಲು ಕೇಳುವುದು: ಮನೆಯಲ್ಲಿ ಫೋನ್ ಎತ್ತುವವರು ಯಾರು? ರೋಗಿಯ ಪಕ್ಕದಲ್ಲಿರುವವರೇ ಎತ್ತುತ್ತಿದ್ದರೆ ಮೊದಲು ಅದನ್ನು ಬದಲಿಸುತ್ತೇವೆ. ತೀರಿಕೊಂಡವರ ಮನೆಗೆ ನಾನು ಫೋನ್ ಮಾಡುವುದು ನಾಲ್ಕನೆಯ ತಿಂಗಳಿನಲ್ಲಿ. "ಹೇಗಿದ್ದೀರಿ" ಎಂದು ಕೇಳುವುದಿಲ್ಲ, ಅದಕ್ಕೆ ಉತ್ತರ ಹುಡುಕುವುದೇ ಅವರಿಗೊಂದು ಕೆಲಸ. ಹೋದವರ ಹೆಸರು ಹಿಡಿದು, ಅವರ ಬಗ್ಗೆ ನನಗೆ ನೆನಪಿರುವ ಒಂದು ಸಂಗತಿ ಹೇಳುತ್ತೇನೆ. ಹೆಸರು ಕೇಳಿದರೆ ಗಾಯ ಕೆದಕಿದಂತಾಗುತ್ತದೆ ಎಂದು ಜನ ಹಿಂಜರಿಯುತ್ತಾರೆ. ನನಗಂತೂ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳುವ ಹಸಿವಿತ್ತು. ಕೆಲವರು ಫೋನ್ ಎತ್ತುವುದಿಲ್ಲ. ಅವರನ್ನು ಕಾಡುವುದಿಲ್ಲ, ಒಂದು ಸಾಲು ಬರೆದು, ಉತ್ತರಿಸಬೇಕಾಗಿಲ್ಲ ಎಂದು ಸೇರಿಸಿ, ಎರಡು ತಿಂಗಳ ಮುಂದಿನ ಪುಟದಲ್ಲಿ ಹೆಸರು ಮತ್ತೆ ಬರೆದುಕೊಳ್ಳುತ್ತೇನೆ.